ಡಾಂಬರು ಬಳಿದ ಕಣ್ಣು

ಇಟ್ಟಮಡುವಿನಲ್ಲಿ ನಾನು ಬಾಡಿಗೆಗಿರುವ ಮನೆಯ ಒಡತಿ ಇಂದ್ರಾಣಿ. ಅವಳ ಗಂಡ ವೆಂಕಟಸ್ವಾಮಿ ಚಿಕ್ಕಲಸಂದ್ರದಾಚೆಯ ಕೆರೆಯಲ್ಲಿ ಮೀನು ಹಿಡಿಯುತ್ತಾನೆ. ಸುತ್ತಲೂ ಅಪಾರ್ಟ್‌ಮೆಂಟುಗಳೆದ್ದು, ಕೆರೆಯಲ್ಲಿ ಮೀನು ಹಿಡಿಯುವವರಿಗಿಂತ ಏರಿಯ ಮೇಲೆ ವಾಕಿಂಗ್ ಮಾಡುವವರೇ ಹೆಚ್ಚಾದ ಮೇಲೂ ಅಪ್ಪನಿಂದ ಬಂದ ಕಸುಬನ್ನು ಅವನು ಬಿಟ್ಟಿಲ್ಲ. ಒಳ್ಳೆಯ ಮನುಷ್ಯ. ಆದರೆ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಪೈಕಿ.

ಬಲೆ ಕೆರೆಯ ತಳದಲ್ಲಿ ಸಿಕ್ಕಿಕೊಂಡರೆ ಮುಳುಗಿ, ಕೈಯಲ್ಲಿ ತಡವಿ ಬಿಡಿಸುವುದು ಅವನ ಅಭ್ಯಾಸ. ಕಳೆದ ವರ್ಷ ಎಡಗಿವಿ ಸೋರತೊಡಗಿತು. ಜಯನಗರದ ಕಿವಿ ಡಾಕ್ಟರು ಪರೀಕ್ಷೆ ಮಾಡಿ ಕಿವಿಯೊಳಗಿನ ತಮಟೆ ತೂತಾಗಿದೆ ಎಂದರು.

"ಇನ್ಮೇಲೆ ತಲೆ ಮುಳುಗಿಸ್ಬೇಡಿ. ತಣ್ಣೀರು ಒಳಗಡೆ ಹೋದ್ರೆ ತಲೆ ಸುತ್ತುತ್ತೆ. ನೀರಿನೊಳಗೆ ಮೇಲೆ ಯಾವ್ದು, ಕೆಳಗೆ ಯಾವ್ದು ಅಂತಾನೇ ಗೊತ್ತಾಗಲ್ಲ. ಎಷ್ಟು ಚೆನ್ನಾಗಿ ಈಜು ಬಂದ್ರೂ ಅಷ್ಟೇ."

ವೆಂಕಟಸ್ವಾಮಿ ಹೂಂ ಎಂದು ತಲೆಯಾಡಿಸಿ ಬಂದ. ಮುಂದಿನ ವಾರವೇ ಮುಳುಗಿದ.

ಇಂದ್ರಾಣಿ ಜಗಳವಾಡಿದಳು, ಅತ್ತಳು, ಬನಶಂಕರಮ್ಮನಿಗೆ ನಿಂಬೆಹಣ್ಣಿನ ದೀಪ ಹಚ್ಚಿದಳು. ಯಾವುದೂ ನಡೆಯದಿದ್ದಾಗ ಫಿಶ್ ಫೈಂಡರ್ ಕೊಳ್ಳಲು ಹೊರಟಳು. ನೀರಿನಡಿ ಮೀನು ಎಲ್ಲಿದೆ, ತಳದಲ್ಲಿ ಕೊರಡು ಕಬ್ಬಿಣ ಏನಿದೆ ಎಂದು ಪರದೆಯ ಮೇಲೆ ತೋರಿಸುವ ಯಂತ್ರ ಅದು. ಸಿಕ್ಕುವ ಜಾಗ ಮೊದಲೇ ಕಂಡರೆ ಅಲ್ಲಿ ಬಲೆ ಬಿಡುವುದಿಲ್ಲ, ಬಲೆ ಸಿಕ್ಕದಿದ್ದರೆ ಗಂಡ ಮುಳುಗುವುದಿಲ್ಲ. ಅವಳಿಗೆ ಮೀನು ಕಾಣಬೇಕಾಗಿರಲಿಲ್ಲ, ಗಂಡ ಉಳಿಯಬೇಕಾಗಿತ್ತು.

ಜೆ.ಪಿ. ನಗರದಲ್ಲಿ ಗಾಳದ ಸಾಮಾನು ಮಾರುವ ಅಂಗಡಿಗೆ ಗಂಡನ ಜೊತೆ ನನ್ನನ್ನೂ ಕರೆದುಕೊಂಡು ಹೋದಳು. ಅಂಗಡಿಯ ವಿಜಯಕುಮಾರ್ ಎರಡು ಯಂತ್ರ ಮುಂದಿಟ್ಟ. ಒಂದಕ್ಕೆ ಹಲಗೆಯಷ್ಟು ದೊಡ್ಡ ಪರದೆ, ಇನ್ನೊಂದಕ್ಕೆ ಅಂಗೈಯಷ್ಟು. ವೆಂಕಟಸ್ವಾಮಿ ದೊಡ್ಡದರ ಮುಂದೆ ನಿಂತುಬಿಟ್ಟ. ಬೇಡ ಬೇಡ ಎನ್ನುತ್ತಲೇ ಬಂದ ಗಂಡಸರು ಅಂಗಡಿಗೆ ಬಂದ ಮೇಲೆ ದೊಡ್ಡದಕ್ಕೇ ಕೈ ಹಾಕುವುದನ್ನು ನಾನು ಬೇಕಾದಷ್ಟು ನೋಡಿದ್ದೇನೆ.

"ನಿಮ್ ಕೆರೆ ಎಷ್ಟು ಆಳ ಅಕ್ಕ?" ವಿಜಯಕುಮಾರ್ ಕೇಳಿದ.

"ಎರಡಾಳು ನೀರು ಐತೆ."

"ಹಂಗಾದ್ರೆ ದೊಡ್ಡದು ತಗೋಬೇಡಿ. ಅದು ಟಾರ್ಚ್ ಬಿಟ್ಟಂಗೆ ಸಣ್ಣ ಜಾಗ ನೋಡುತ್ತೆ, ಆಳದ ನೀರಿಗೆ ಸರಿ. ಈ ಚಿಕ್ಕದು ಕೊಡೆ ಬಿಚ್ಚಿದಂಗೆ ಅಗಲಕ್ಕೆ ನೋಡುತ್ತೆ. ನಿಮ್ ದೋಣಿ ಸುತ್ತ ಇರೋದೆಲ್ಲ ಸಿಗುತ್ತೆ."

ಪರದೆಯ ಮೇಲಿನ ಗೆರೆಗಳನ್ನು ಓದುವುದನ್ನೂ ಅವನೇ ಹೇಳಿಕೊಟ್ಟ. ದೋಣಿ ನಿಂತಿರುವಾಗ ಕೆಳಗಿನ ವಸ್ತು ಆಡುತ್ತಿದ್ದರೆ ಗೆರೆ ಏರಿ ಇಳಿಯುತ್ತದೆ, ಅಲುಗದಿದ್ದರೆ ನೇರವಾಗಿ ಹೋಗುತ್ತದೆ. "ನೇರ ಗೆರೆ ಅಂದ್ರೆ ಜೀವ ಇಲ್ಲದ್ದು ಅಂತ ತಿಳ್ಕೊಳಿ," ಎಂದ. ಇಂದ್ರಾಣಿ ಚಿಕ್ಕದನ್ನೇ ಕೊಂಡಳು. ವೆಂಕಟಸ್ವಾಮಿ ದಾರಿಯುದ್ದಕ್ಕೂ ಮುಖ ಊದಿಸಿಕೊಂಡಿದ್ದ.

ಅವರ ತೆಪ್ಪ ಬುಟ್ಟಿಯಂತೆ ದುಂಡಗಿರುವುದು. ಅದಕ್ಕೆ ಹಿಂದೆ ಮುಂದೆ ಎಂಬುದಿಲ್ಲ, ಯಂತ್ರದ ಜೊತೆ ಬಂದ ಚಿತ್ರದಲ್ಲಿದ್ದುದು ಹಿಂಬದಿಗೆ ಸೆನ್ಸರು ಕಟ್ಟಿದ ಉದ್ದನೆಯ ದೋಣಿ. ಕೊನೆಗೆ ಇಂದ್ರಾಣಿ ಒಂದು ಪೈಪಿನ ತುದಿಗೆ, ನೀರಿನಡಿ ಇರುವುದನ್ನು ಪತ್ತೆಹಚ್ಚಿ ಪರದೆಗೆ ಕಳಿಸುವ ಆ ಸೆನ್ಸರನ್ನು ಬಿಗಿದು, ತಾನು ಕೂರುವ ಕಡೆ ತೆಪ್ಪದ ಅಂಚಿಗೆ ಪೈಪನ್ನು ಕಟ್ಟಿದಳು. ಸೆನ್ಸರು ನೀರಿನೊಳಗೆ ಒಂದು ಗೇಣು ಇಳಿದಿರಬೇಕು. ಕಪ್ಪಗೆ ಸೋಪಿನ ತುಂಡಿನಂತಿದ್ದ ಅದಕ್ಕೆ ಅವಳು ಕಣ್ಣು ಎಂದೇ ಹೆಸರಿಟ್ಟಳು. ಹಳೆಯ ಸ್ಕೂಟರಿನ ಬ್ಯಾಟರಿ ಜೋಡಿಸಿ ದಡದ ಬಳಿಯ ನೀರಿನಲ್ಲೇ ಪರೀಕ್ಷೆ ಮಾಡಿದರು. ತಳ ಕಂಡಿತು, ಒಂದೆರಡು ಮೀನೂ ಕಂಡವು. ಅಂದು ರಾತ್ರಿ ಅವಳು ಬಹಳ ದಿನಗಳ ಮೇಲೆ ಕಣ್ತುಂಬ ನಿದ್ದೆ ಮಾಡಿದಳಂತೆ.

ಮರುದಿನ ವೆಂಕಟಸ್ವಾಮಿ ತೆಪ್ಪ ಬೋರಲು ಹಾಕಿ, ನೀರು ಜಿನುಗುತ್ತಿದ್ದ ಕಡೆಗೆಲ್ಲ ಡಾಂಬರು ಬಳಿದ. ಅದರ ಮರುದಿನ ಬೆಳಿಗ್ಗೆ ಇಬ್ಬರೂ ನೀರಿಗಿಳಿದರು.

ಪರದೆಯಲ್ಲಿ ಏನೂ ಇರಲಿಲ್ಲ. ಬೆಳಕಿತ್ತು, ತಳವಿರಲಿಲ್ಲ. ಇಂದ್ರಾಣಿ ವೈರು ಅಲುಗಾಡಿಸಿದಳು, ಆರಿಸಿ ಹಚ್ಚಿದಳು.

"ನಿನ್ ಟೀವಿಗೆ ಇವತ್ತು ರಜಾ ಕಣೆ," ಎಂದು ನಕ್ಕು ವೆಂಕಟಸ್ವಾಮಿ ತನಗೆ ತೋಚಿದ ಕಡೆ ಬಲೆ ಬಿಟ್ಟ. ಎಳೆಯುವಾಗ ಬಲೆ ಬರಲಿಲ್ಲ. ಹಗ್ಗ ಬಿಗಿದು ನಿಂತಿತು. ಅವನು ಅಂಗಿ ಬಿಚ್ಚಿದ.

"ಬ್ಯಾಡ. ಹಗ್ಗ ಕೊಯ್ದುಬಿಡಿ."

"ಹೊಸಾ ಬಲೆ ಇಂದ್ರಾಣಿ. ಒಂದೇ ಸಲ."

"ಇದು ಸರಿಹೋಗೋಗಂಟ ತಡೀರಿ. ನಿಮ್ ಕಾಲಿಗೆ ಬೀಳ್ತೀನಿ."

ಅವಳು ಪೈಪನ್ನು ಮೇಲೆಳೆದು ನೋಡಿದಳು. ಕಣ್ಣು ಕಪ್ಪಗೆ, ಮೊದಲಿನಂತೆಯೇ ಇತ್ತು. ಬೆರಳಿಟ್ಟಾಗ ಅಂಟಿತು. ಡಾಂಬರು. ಕಪ್ಪಿನ ಮೇಲೆ ಕಪ್ಪು, ನೋಡಿದರೆ ಗೊತ್ತಾಗುವಂತಿರಲಿಲ್ಲ. ನೀರು ಮುಟ್ಟುವ ಯಾವುದನ್ನೂ ಡಾಂಬರಿಲ್ಲದೆ ಬಿಡಬಾರದು ಎಂದು ಅವನಪ್ಪ ಹೇಳಿಕೊಟ್ಟಿದ್ದ. ಹೆಂಡತಿ ಅಷ್ಟು ಆಸೆಪಟ್ಟು ತಂದ ಸಾಮಾನು ಕೆಡದಿರಲಿ ಎಂದು ಇವನು ಅದಕ್ಕೆ ಎರಡು ಸಲ ಬಳಿದಿದ್ದ.

ಅವಳು ತಲೆಯೆತ್ತುವಷ್ಟರಲ್ಲಿ ಅವನು ಮುಳುಗಿದ್ದ.

ಮೇಲೆ ಬಂದಾಗ ತೆಪ್ಪದ ಅಂಚು ಹಿಡಿದು ಉಸಿರು ಎಳೆದುಕೊಂಡ. "ಗಣೇಶನ್ ಬಿಟ್ಟವ್ರೆ ಕಣೆ. ಕಬ್ಬಿಣದ ಚೌಕಟ್ಟು. ಇನ್ನೊಂದ್ ಮೂಲೆ ಬಿಡಿಸಿದ್ರೆ ಆಯ್ತು." ಮಣ್ಣು ಕರಗಿದ ದೊಡ್ಡ ಗಣೇಶನ ಒಳಗಿನ ಕಂಬಿಗಳಿಗೆ ಬಲೆ ಸುತ್ತಿಕೊಂಡಿತ್ತು. ಅವಳು ಅವನ ಭುಜ ಹಿಡಿದಳು. ಒದ್ದೆ ಭುಜ, ಜಾರಿತು. ಅವನು ಮತ್ತೆ ಹೋದ.

ಇಂದ್ರಾಣಿ ಮೀನಿನ ಚಾಕುವಿನಿಂದ ಡಾಂಬರು ಹೆರೆದಳು, ಉಗುರಿನಿಂದ ಕಿತ್ತಳು, ಸೆರಗಿನಿಂದ ಒರೆಸಿದಳು. ಪೈಪನ್ನು ಇಳಿಸಿದಳು. ಬಿಗಿದ ಹಗ್ಗ ತೆಪ್ಪವನ್ನು ಆಚೀಚೆ ಹೋಗಗೊಡದೆ ಹಿಡಿದಿತ್ತು. ಪರದೆ ಬಿಚ್ಚಿಕೊಂಡಿತು. ಮೊದಲು ತಳ ಕಂಡಿತು, ಅದರ ಮೇಲೆ ಚೌಕಟ್ಟಿನ ದಪ್ಪ ಗೆರೆ. ಆ ಗೆರೆಯ ಪಕ್ಕದಲ್ಲೇ ಇನ್ನೊಂದು, ಏರುತ್ತ ಇಳಿಯುತ್ತ ಹೊಯ್ದಾಡುವ ಗೆರೆ. ಅದು ಅವಳ ಗಂಡ.

ಆ ಗೆರೆ ಒಮ್ಮೆ ಮೇಲಕ್ಕೆ ಬಂತು. ಬರಲಿ ಎಂದುಕೊಂಡಳು. ಅರ್ಧಕ್ಕೆ ತಿರುಗಿ ಅದು ತಳಕ್ಕೇ ಹೋಯಿತು. ಡಾಕ್ಟರು ಹೇಳಿದ್ದು ಅವಳಿಗೆ ಆಗ ಪೂರ್ತಿ ಅರ್ಥವಾಯಿತು. ಅವನಿಗೆ ದಿಕ್ಕು ತಪ್ಪಿತ್ತು. ಮೇಲೆ ಎಂದುಕೊಂಡು ಕೆಳಕ್ಕೆ ಈಜುತ್ತಿದ್ದ.

ಗೆರೆ ಸಣ್ಣಗೆ ನಡುಗಿತು. ಆಮೇಲೆ ನೇರವಾಯಿತು.

ಏರಿಯ ಮೇಲೆ ವಾಕಿಂಗಿನವರು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ನಡೆಯುತ್ತಿದ್ದರು. ಕೂಗಿದರೂ ಕೇಳುವಂತಿರಲಿಲ್ಲ, ಕೇಳಿದರೂ ಬರುವಷ್ಟು ಹೊತ್ತಿರಲಿಲ್ಲ. ಅವಳಿಗೆ ಈಜು ಬಾರದು. ತೆಪ್ಪದಲ್ಲಿ ಬಿದಿರಿನ ಗಳ ಇತ್ತು. ಅದನ್ನು ಎತ್ತಿ, ಪರದೆ ನೋಡುತ್ತ, ನೀರಿಗೆ ಇಳಿಸಿದಳು. ಗಳವೂ ಪರದೆಯಲ್ಲಿ ಕಂಡಿತು, ಮೂರನೆಯ ಗೆರೆಯಾಗಿ, ಆ ನೇರ ಗೆರೆಯತ್ತ ಇಳಿಯುತ್ತ. ಒಂದು ಕಡೆ ಚುಚ್ಚಿದಳು, ಕೆಸರು. ಪಕ್ಕಕ್ಕೆ ಸರಿಸಿದಳು, ಕಬ್ಬಿಣಕ್ಕೆ ಟಣ್ಣೆಂದಿತು. ಇನ್ನೂ ಪಕ್ಕಕ್ಕೆ ಸರಿಸಿದಾಗ ಮೆತ್ತಗಿನದೇನೋ ತಗುಲಿತು.

"ಹಿಡ್ಕೊಳಿ," ಎಂದಳು, ನೀರಿಗೆ ಹೇಳುವಂತೆ. "ಹಿಡ್ಕೊಳಿ, ಹಿಡ್ಕೊಳಿ."

ನೇರ ಗೆರೆ ನೇರವಾಗಿಯೇ ಇತ್ತು. ಅವಳು ಮತ್ತೆ ಚುಚ್ಚಿದಳು, ಗಟ್ಟಿಯಾಗಿ, ನೋವಾದರೂ ಆಗಲಿ ಎಂದು. ಗಳ ಭಾರವಾಯಿತು. ಯಾರೋ ಕೆಳಗಿನಿಂದ ಎಳೆದಂತೆ ಜಗ್ಗಿತು. ತೆಪ್ಪ ವಾಲಿತು. ಅವಳು ಮೊಣಕಾಲು ಅಂಚಿಗೆ ಒತ್ತಿ ಕೈ ಮೇಲೆ ಕೈ ಇಟ್ಟು ಎಳೆದಳು. ಮೊದಲು ಎರಡು ಕೈ ಬಂದವು, ಹಿಂದೆಯೇ ತಲೆ.

ಅವನು ತೆಪ್ಪದೊಳಗೆ ಬಿದ್ದು ವಾಂತಿ ಮಾಡಿದ. ಎಡಗಿವಿಯಿಂದ ರಕ್ತ ಇಳಿಯುತ್ತಿತ್ತು. ಅವಳು ಚಾಕು ತೆಗೆದು ಹೊಸ ಬಲೆಯ ಹಗ್ಗ ಕೊಯ್ದಳು. ಈ ಸಲ ಅವನು ತಡೆಯಲಿಲ್ಲ.

ಅವನ ಎಡಗಿವಿ ಈಗ ಕೇಳಿಸುವುದಿಲ್ಲ. ಅವನು ಮುಳುಗುವುದೂ ಇಲ್ಲ. ತೆಪ್ಪಕ್ಕೆ ಡಾಂಬರು ಬಳಿಯುವ ದಿನ ಮೊದಲು ಖಾಲಿ ಹಾಲಿನ ಪ್ಯಾಕೆಟ್ಟನ್ನು ಯಂತ್ರದ ಕಣ್ಣಿಗೆ ಕಟ್ಟಿ, ಇಂದ್ರಾಣಿಯನ್ನು ಕರೆದು ಮುಟ್ಟಿ ನೋಡಲು ಹೇಳುತ್ತಾನೆ. ಆಮೇಲೆಯೇ ಡಬ್ಬ ತೆರೆಯುತ್ತಾನೆ.

ಕೆರೆಯಲ್ಲಿ ಕೆಲವು ಕಡೆ ತಳ ಸಮತಟ್ಟಾಗಿದೆ. ಅಲ್ಲಿ ಪರದೆಯ ಮೇಲೆ ಉದ್ದಕ್ಕೂ ನೇರ ಗೆರೆ ಬರುತ್ತದೆ. ಅದು ಬರೀ ನೆಲ ಎಂದು ಇಂದ್ರಾಣಿಗೆ ಚೆನ್ನಾಗಿ ಗೊತ್ತು. ಆದರೂ ಗೆರೆ ನೇರವಾದೊಡನೆ ಅವಳು ಹಿಂದಕ್ಕೆ ತಿರುಗಿ ನೋಡುತ್ತಾಳೆ. ಹುಟ್ಟು ಹಾಕುತ್ತಿರುವ ವೆಂಕಟಸ್ವಾಮಿಗೆ ಅದು ಯಾಕೆಂದು ತಿಳಿದಿದೆ.

"ಇಲ್ಲೇ ಇವ್ನಿ ಕಣೆ," ಎನ್ನುತ್ತಾನೆ.