ನೋಡೋಣ ಎಂದಿದ್ದೆ

ಗ್ಯಾರೇಜು ಖಾಲಿ ಮಾಡುವಾಗ ಒಂದು ಹಳೆಯ ವಿಡಿಯೋ ಕ್ಯಾಸೆಟ್ ಸಿಕ್ಕಿತು. ಬೂಷ್ಟು ಹಿಡಿದ ವಾಸನೆ. ಬೆನ್ನಿನ ಚೀಟಿಯ ಮೇಲೆ ನೀಲಿ ಶಾಯಿಯಲ್ಲಿ ಒಂದು ಸಾಲು ಅರಬ್ಬಿ ಬರಹ. ಅಂಚಿನಲ್ಲಿ ಹಳದಿಯಾಗಿ ಹೋದ ಸೆಲ್ಲೋಟೇಪಿನ ತುಂಡು. ಆ ಸೆಲ್ಲೋಟೇಪು ಕಂಡದ್ದೇ ತಡ, ಕ್ಯಾಸೆಟ್ ಯಾವುದೆಂದು ಗೊತ್ತಾಯಿತು. ಅದನ್ನು ಅಂಟಿಸಿದವಳು ನಾನೇ.

ಕ್ಯಾಸೆಟ್ ಕೊಟ್ಟವರು ಇಲ್ಲಿ ಲಂಡನ್ನಿನ ಕೆಂಟನ್ ಸ್ಟೇಷನ್ ಹತ್ತಿರ ವಿಡಿಯೋ ಅಂಗಡಿ ಇಟ್ಟಿದ್ದ ಪ್ಯಾಲೆಸ್ಟೀನಿನವರು. ತೊಂಬತ್ತರ ದಶಕದ ನಡುವೆ ನಾವು ಧಾರವಾಡದಿಂದ ಇಲ್ಲಿಗೆ ಬಂದಾಗ, ಡಾಕ್ಟರಾದ ನನ್ನ ಗಂಡನಿಗೆ ಆಸ್ಪತ್ರೆ ಸಿಕ್ಕಿತು, ನನಗೆ ಆ ಅಂಗಡಿ ಸಿಕ್ಕಿತು. ಹಿಂದಿ ಸಿನಿಮಾ ಬಾಡಿಗೆಗೆ ಕೊಡುತ್ತಿದ್ದರು, ಮದುವೆ ಕ್ಯಾಸೆಟ್ಟುಗಳ ಪ್ರತಿ ಮಾಡಿಕೊಡುತ್ತಿದ್ದರು. ಗುಜರಾತಿ ಹೆಂಗಸರೊಡನೆ ಮುರುಕು ಗುಜರಾತಿ ಆಡಿ ಬೈಸಿಕೊಳ್ಳುತ್ತಿದ್ದರು. ನನ್ನ ಮಗಳು ಅವರನ್ನು ಕ್ಯಾಸೆಟ್ ಕಾಕಾ ಎನ್ನುತ್ತಿದ್ದಳು. ನಮ್ಮ ಮನೆಯಲ್ಲಿ ಅವರಿಗೆ ಅದೇ ಹೆಸರಾಯಿತು.

ಕ್ಯಾಸೆಟ್ಟಿನ ಅಂಚಿನಲ್ಲಿ ಪ್ಲಾಸ್ಟಿಕ್ಕಿನ ಒಂದು ಚಿಕ್ಕ ಹಲ್ಲು ಇರುತ್ತಿತ್ತು. ಅದನ್ನು ಮುರಿದರೆ ಆ ಕ್ಯಾಸೆಟ್ಟಿನ ಮೇಲೆ ಬೇರೇನೂ ರೆಕಾರ್ಡ್ ಆಗುವುದಿಲ್ಲ. ಮುರಿದ ತೂತಿಗೆ ಸೆಲ್ಲೋಟೇಪು ಹಚ್ಚಿದರೆ ಮತ್ತೆ ಆಗುತ್ತದೆ. ಇದನ್ನೆಲ್ಲ ನನಗೆ ಕಲಿಸಿದವರೂ ಅವರೇ.

ನಾನು ಅವರಿಗೆ ಕಲಿಸಿದ್ದು ಒಂದೇ ಶಬ್ದ. ಒಂದು ದಿನ ಅಂಗಡಿಯಲ್ಲಿ ಸಿಕ್ಕ ಗೆಳತಿಯೊಬ್ಬಳು ತಮ್ಮ ಮನೆಯ ಪೂಜೆಗೆ ಕರೆದಳು. ನನಗೆ ಹೋಗುವ ಮನಸ್ಸಿರಲಿಲ್ಲ. "ನೋಡೋಣ ತಗೋರಿ, ನೋಡೋಣ" ಎಂದೆ. ಅವಳು ಹೋದ ಮೇಲೆ ಕಾಕಾ ಕೇಳಿದರು, ನೋಡೋಣ ಎಂದರೇನು? ಎಲ್ಲರೂ ಕೂಡಿ ನೋಡುವುದು, ಲೆಟ್ ಅಸ್ ಸೀ, ಎಂದುಬಿಟ್ಟೆ. ನಮ್ಮ ಬಾಯಲ್ಲಿ ಅದರ ಅರ್ಥ ‘ಆಗುವುದಿಲ್ಲ’ ಅಂತ, ಮರ್ಯಾದೆಯಿಂದ ಇಲ್ಲ ಎನ್ನುವ ರೀತಿ ಅಂತ, ಹೇಳಲಿಲ್ಲ. ಸಿನಿಮಾ ಕೊಡುವವರಿಗೆ ಇದಕ್ಕಿಂತ ಒಳ್ಳೆಯ ಶಬ್ದ ಬೇಕೇ! ಅಂದಿನಿಂದ ನನ್ನ ಕೈಗೆ ಕ್ಯಾಸೆಟ್ ಇಡುವಾಗಲೆಲ್ಲ "ನೋಡೋಣಾ!" ಎಂದು ದೊಡ್ಡದಾಗಿ ನಗುತ್ತಿದ್ದರು...

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ಅವರ ಊರಿಗೆ ಇಸ್ರೇಲಿನ ಟ್ಯಾಂಕುಗಳು ಬಂದವು. ಅಲ್ಲಿ ಅವರ ತಂಗಿ ಇದ್ದಳು, ಸಿನಿಮಾ ಮಾಡುವವಳು. ಕರ್ಫ್ಯೂ ಹಾಕಿದ ಊರಿನಲ್ಲಿ ಹೊರಗೆ ಕಾಲಿಡಲಾಗದೆ, ಅವಳೂ ಅವಳ ಗೆಳೆಯರೂ ತಂತಮ್ಮ ಮನೆಯೊಳಗಿನಿಂದಲೇ ಮೂರು ಮೂರು ನಿಮಿಷದ ಚಿತ್ರ ತೆಗೆದಿದ್ದರಂತೆ. ಅಂಥ ಒಂಬತ್ತನ್ನು ಒಂದರ ಹಿಂದೊಂದು ಜೋಡಿಸಿ, ಯಾರದೋ ಕೈಯಲ್ಲಿ ಅಣ್ಣನಿಗೆ ಕಳಿಸಿದ್ದಳು. ಅವರು ಪ್ರತಿ ಮಾಡಿ ಅಂಗಡಿಯ ಟಿವಿಯಲ್ಲಿ ಹಾಕಿದರು. ಬಂದವರು ತಮ್ಮ ಹಿಂದಿ ಸಿನಿಮಾ ತೆಗೆದುಕೊಂಡು ಹೋದರು. ನಾನೂ ಬೆನ್ನು ಹಾಕಿಯೇ ನಿಂತಿದ್ದೆ.

"ಫೋನ್ ಮಾಡಿದಾಗಲೆಲ್ಲ ಅವಳು ಒಂದೇ ಮಾತು ಕೇಳುತ್ತಾಳೆ, ಯಾರು ನೋಡಿದರು ಅಂತ. ನಾನು ಏನು ಹೇಳಲಿ?" ಎಂದರು ಇಂಗ್ಲಿಷಿನಲ್ಲಿ. ಆಮೇಲೆ ಮೆಲ್ಲಗೆ ಕೇಳಿದರು: ನಿಮ್ಮ ಕನ್ನಡದವರು ಯುಗಾದಿಗೆ ಹಾಲ್ ಹಿಡಿಯುತ್ತೀರಲ್ಲ, ಅಲ್ಲಿ ಅರ್ಧ ಗಂಟೆ ಇದನ್ನು ಹಾಕಬಹುದೇ?

"ನೋಡೋಣ ತಗೋರಿ" ಎಂದೆ. ಸುಡಲಿ ನನ್ನ ಬಾಯಿ! ಅವರ ಮುಖ ಅರಳಿತು.

ನಮ್ಮ ಕನ್ನಡ ಸಂಘದ ಸಭೆಯಲ್ಲಿ ವಿಷಯ ಎತ್ತಿದೆ, ಸುಳ್ಳು ಹೇಳುವುದಿಲ್ಲ. ಅಧ್ಯಕ್ಷರಾಗಿದ್ದ ಮೈಸೂರಿನ ಡಾಕ್ಟರು, "ಹಬ್ಬದ ದಿನ ಅದೆಲ್ಲಾ ಯಾಕಮ್ಮಾ? ಮಕ್ಕಳಿರ್ತಾರೆ, ಪಾಲಿಟಿಕ್ಸ್ ಬೇರೆ" ಎಂದರು. ನನಗೂ ಒಳಗೊಳಗೇ ಹಗುರವಾಯಿತು. ಕಾಕಾಗೆ ಹೇಳುವ ಕೆಲಸ ನನ್ನದಾಗಿತ್ತು. ಇಂದು ನಾಳೆ ಅನ್ನುತ್ತ ಹೇಳಲೇ ಇಲ್ಲ.

ಯುಗಾದಿ ಕಾರ್ಯಕ್ರಮಕ್ಕೆ ಅವರು ಕೋಟು ಹಾಕಿಕೊಂಡು, ತಲೆ ಬಾಚಿಕೊಂಡು, ಕೈಚೀಲದಲ್ಲಿ ಕ್ಯಾಸೆಟ್ ಇಟ್ಟುಕೊಂಡು ಬಂದರು. ಕೊನೆಯ ಸಾಲಿನಲ್ಲಿ ಕೂತರು. ಮಕ್ಕಳ ಡಾನ್ಸು, ಛದ್ಮವೇಷ, ರಸಪ್ರಶ್ನೆ, ವಂದನಾರ್ಪಣೆ... ತಿಳಿಯದ ಭಾಷೆಯಲ್ಲಿ ಮೂರು ತಾಸು. ಪ್ರತಿಯೊಂದಕ್ಕೂ ಚಪ್ಪಾಳೆ ತಟ್ಟಿದರು. ನಾನು ರೇಷ್ಮೆ ಸೀರೆ ಉಟ್ಟು ಅವರ ಕಣ್ಣು ತಪ್ಪಿಸಿ ಓಡಾಡುತ್ತಿದ್ದೆ. ಕುರ್ಚಿ ಮಡಚತೊಡಗಿದಾಗ ಹತ್ತಿರ ಬಂದು, "ನೋಡೋಣಾ?" ಎಂದರು.

ಹಾಲ್ ಕೌನ್ಸಿಲ್ಲಿನದು, ಐದಕ್ಕೆ ಬಿಟ್ಟುಕೊಡಬೇಕು, ಎಂದೆ. ಅವರು ತಲೆಯಾಡಿಸಿದರು. ಕೋಟು ತೆಗೆದಿಟ್ಟು ನಮ್ಮೊಡನೆ ಕುರ್ಚಿಗಳನ್ನೆಲ್ಲ ಮಡಚಿ ಗೋಡೆಗೆ ಒರಗಿಸಿದರು. ಹೊರಡುವಾಗ ಕ್ಯಾಸೆಟ್ ನನ್ನ ಕೈಗಿಟ್ಟು, "ನೀವಾದರೂ ಮನೆಯಲ್ಲಿ ನೋಡಿ. ಒಂದು ಮನೆಯವರು ನೋಡಿದರು ಅಂತ ಅವಳಿಗೆ ಹೇಳುತ್ತೇನೆ" ಎಂದರು.

ಟಿವಿಯ ಮೇಲೆ ಇಟ್ಟೆ. ಆ ವಾರ ನಮ್ಮ ಅಡುಗೆಮನೆ ಹೊಸದು ಮಾಡಿಸುವ ಗದ್ದಲ. ಟಿವಿಯಲ್ಲಿ ಮನೆ ಸಿಂಗರಿಸುವ ಕಾರ್ಯಕ್ರಮವೊಂದು ಬರುತ್ತಿತ್ತು, ಗಂಡನಿಗೆ ತೋರಿಸಬೇಕಿತ್ತು. ಖಾಲಿ ಕ್ಯಾಸೆಟ್ ಸಿಗಲಿಲ್ಲ... ಕೈಗೆ ಸಿಕ್ಕಿದ್ದನ್ನು ಹಾಕಿಬಿಟ್ಟೆ, ಗೊತ್ತಾಗದೆ ಆದ ತಪ್ಪು, ಎಂದು ಇಪ್ಪತ್ತು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಆದರೆ ಹಲ್ಲು ಮುರಿದ ಕ್ಯಾಸೆಟ್ಟಿಗೆ ಯಾರೂ ಗೊತ್ತಾಗದೆ ಸೆಲ್ಲೋಟೇಪು ಹಚ್ಚುವುದಿಲ್ಲ. ಡ್ರಾಯರ್ ತೆಗೆದು, ಕತ್ತರಿ ಹುಡುಕಿ, ಅಳತೆಗೆ ಕತ್ತರಿಸಿ ಅಂಟಿಸಿದ್ದೆ.

ಮುಂದಿನ ಶನಿವಾರ ಅಂಗಡಿಗೆ ಹೋದಾಗ ಕಾಕಾ ಕೇಳಿದರು, ನೋಡಿದಿರಾ? ಹೂಂ ಎಂದೆ. ಅವರು ಆಗಲೇ ಕೌಂಟರಿನ ಹಿಂದಿನ ಫೋನ್ ಎತ್ತಿ ನಂಬರು ಒತ್ತಿದರು. ಅರಬ್ಬಿಯಲ್ಲಿ ಏನೇನೋ ಹೇಳಿ, ರಿಸೀವರನ್ನು ನನ್ನ ಕಡೆ ಚಾಚಿದರು.

ಸಣ್ಣ ದನಿ. ಚೆಂದದ ಇಂಗ್ಲಿಷು. "ನನ್ನದನ್ನು ನೋಡಿದಿರಾ? ಮೆಟ್ಟಿಲಿನದು?"

"ನೋಡಿದೆ. ಭಾಳ ಚೆನ್ನಾಗಿತ್ತು" ಎಂದೆ ನಾನೂ ಇಂಗ್ಲಿಷಿನಲ್ಲಿ.

"ಕೊನೆಗೆ ನಕ್ಕಿರಾ? ಅದು ನಗುವುದಕ್ಕೇ ಮಾಡಿದ್ದು. ಯಾರೂ ನಗುವುದಿಲ್ಲ, ಪಾಪ ಎನ್ನುತ್ತಾರೆ."

"ಬಿದ್ದು ಬಿದ್ದು ನಕ್ಕೆವು" ಎಂದೆ.

ಆ ಕಡೆಯಿಂದ ಅವಳೇ ನಕ್ಕಳು. ಕಾಕಾ ನನ್ನ ಮುಖವನ್ನೇ ನೋಡುತ್ತಿದ್ದರು.

ಮೂರು ವಾರದ ಮೇಲೆ ಅಂಗಡಿ ಬಾಗಿಲು ಹಾಕಿತ್ತು. ಮತ್ತೆ ತೆಗೆದ ದಿನ ಹೋದೆ. ಕರ್ಫ್ಯೂ ಸಡಿಲವಾದ ಹೊತ್ತಿನಲ್ಲಿ ಬ್ರೆಡ್ ತರಲು ಹೋದ ತಂಗಿ ಗುಂಡು ತಗುಲಿ ಸತ್ತಳಂತೆ. ಅವರು ಅಳಲಿಲ್ಲ. ನನ್ನ ಎರಡೂ ಕೈ ಹಿಡಿದುಕೊಂಡು, "ನೀವು ನಕ್ಕಿರಿ ಅಂತ ಅವಳು ಎಲ್ಲರಿಗೂ ಹೇಳಿದಳಂತೆ. ಥ್ಯಾಂಕ್ ಯೂ" ಎಂದರು. ನೆಲ ಬಾಯಿಬಿಟ್ಟು ನನ್ನನ್ನು ನುಂಗಬಾರದಿತ್ತೇ ಎನಿಸಿತು. ಇನ್ನೊಂದು ಪ್ರತಿ ಕೇಳಬಹುದಿತ್ತು, ಅವರ ಹತ್ತಿರ ಇತ್ತು. ನೋಡಿದ್ದೇನೆ ಎಂದವಳು ಯಾವ ಬಾಯಿಂದ ಕೇಳಲಿ? ಆ ಅಂಗಡಿಗೆ ಹೋಗುವುದನ್ನೇ ಬಿಟ್ಟೆ. ಎದುರಿನ ಫುಟ್‌ಪಾತಿನಲ್ಲಿ ನಡೆಯತೊಡಗಿದೆ. ಡಿವಿಡಿ ಬಂದ ಮೇಲೆ ಅಂಗಡಿ ಮುಚ್ಚಿತು. ಅವರು ಎಲ್ಲಿ ಹೋದರು ಎಂದು ಯಾರನ್ನೂ ಕೇಳಲಿಲ್ಲ...

ಸಿಕ್ಕ ಕ್ಯಾಸೆಟ್ಟನ್ನು ಹತ್ತಿರದ ಹ್ಯಾರೋದಲ್ಲಿ ಒಂದು ಅಂಗಡಿಗೆ ಕೊಟ್ಟು ಪೆನ್ ಡ್ರೈವಿಗೆ ಹಾಕಿಸಿದೆ. ಭಾನುವಾರ ಮಗಳು ಬಂದಾಗ ಅವಳಿಗೆ ಎಲ್ಲವನ್ನೂ ಹೇಳಿ, ಇಬ್ಬರೂ ಕೂತು ಹಾಕಿದೆವು. ಯಾರದೋ ಅಡುಗೆಮನೆಗೆ ಹಳದಿ ಬಣ್ಣ ಬಳಿಯುತ್ತಿದ್ದಾರೆ. ಅರ್ಧ ಗಂಟೆ ಅದೇ. ಆಮೇಲೆ ಪರದೆ ಒಮ್ಮೆ ನಡುಗಿತು. ಕಪ್ಪು ಹಿನ್ನೆಲೆಯ ಮೇಲೆ ಬಿಳಿಯ ಅರಬ್ಬಿ ಸಾಲುಗಳು ಕೆಳಗಿನಿಂದ ಮೇಲಕ್ಕೆ ಹೋದವು. ಚಿತ್ರ ಮಾಡಿದವರ ಹೆಸರುಗಳು. ಉಳಿದದ್ದು ಅಷ್ಟೇ. ಆ ಮೆಟ್ಟಿಲ ಮೇಲೆ ಕೊನೆಗೆ ನಗುವಂಥದ್ದು ಏನಾಯಿತೋ, ನನಗೆ ಇನ್ನು ಗೊತ್ತಾಗುವುದಿಲ್ಲ.

ಫೋನಿನ ಕ್ಯಾಮೆರಾ ಹಿಡಿದರೆ ಇಂಗ್ಲಿಷಿಗೆ ತಿರುಗಿಸಿ ತೋರಿಸುತ್ತದೆ, ಹೆಸರು ಓದಬಹುದು ಅಮ್ಮಾ, ಎಂದಳು ಮಗಳು ಇಂಗ್ಲಿಷಿನಲ್ಲಿ. ಓದಿ ಏನು ಮಾಡಲಿ? ಅದರಲ್ಲಿ ಅವಳು ಯಾರು? ಕಾಕಾ ಯಾವಾಗಲೂ ನನ್ನ ತಂಗಿ ಎನ್ನುತ್ತಿದ್ದರು. ನಾನು ಹೆಸರನ್ನೂ ಕೇಳಿರಲಿಲ್ಲ.

"ಶಲ್ ವಿ ಟ್ರೈ ಅಂಡ್ ಫೈಂಡ್ ಹಿಮ್?" ಎಂದು ಕೇಳಿದಳು.

"ನೋಡೋಣ ತಗೋ" ಎಂದೆ.

ಮಗಳಿಗೆ ಕನ್ನಡ ಮಾತಾಡಲು ಬರುವುದಿಲ್ಲ, ಆದರೆ ಅರ್ಥವಾಗುತ್ತದೆ. ಅವಳು ಮತ್ತೆ ಕೇಳಲಿಲ್ಲ.