ಕೂಗದೆ ಕುಳಿತಿದ್ದ ಚಾಂಪಿಯನ್

ನಾನು ಬೇಲೂರು ಕಡೆಯ ಅಗ್ನಿಶಾಮಕ ಠಾಣೆಯ ಅಧಿಕಾರಿಯಾಗಿದ್ದೆ. ನಿವೃತ್ತಿಗೆ ಎರಡು ವರ್ಷ ಬಾಕಿಯಿತ್ತು. ಒಂದು ದಿನ ಬೆಳಿಗ್ಗೆ ಹತ್ತೂವರೆಗೆ ಕರೆ ಬಂತು. ಹಗರೆ ಹತ್ತಿರ ಬ್ರೇಕ್ ಹಿಡಿಯದ ಲಾರಿಯೊಂದು ಹಿಂದಿನಿಂದ ಗುದ್ದಿ, ಡ್ರೈವಿಂಗ್ ಸ್ಕೂಲಿನ ಕಾರು ಹುಣಸೆ ಮರಕ್ಕೆ ಅಪ್ಪಳಿಸಿತ್ತು.

ಒಳಗೆ ಇಬ್ಬರು ಸಿಕ್ಕಿಕೊಂಡಿದ್ದರು. ಸ್ಟೀರಿಂಗ್ ಹಿಂದೆ ಹಾಲಿನ ಡೇರಿಯ ಕಾರ್ಯದರ್ಶಿ ಗಾಯತ್ರಿ, ಪಕ್ಕದಲ್ಲಿ ಅವರಿಗೆ ಕಲಿಸುತ್ತಿದ್ದ ಧರಣೇಂದ್ರ. ಧರಣೇಂದ್ರ ಹಳೇಬೀಡಿನ ಜೈನ ವ್ಯಾಪಾರಿ ಮನೆತನದವರು. ಅಂಗಡಿಯಲ್ಲಿ ಕೂರಲೊಲ್ಲದೆ ಕಾರ್ ರೇಸಿಗೆ ಇಳಿದು ಮೂರು ಸಲ ಚಾಂಪಿಯನ್ ಆಗಿದ್ದರು. ಆಮೇಲೆ ಊರಿಗೆ ಮರಳಿ ಡ್ರೈವಿಂಗ್ ಕಲಿಸತೊಡಗಿದ್ದರು. ನಮ್ಮ ಅಗ್ನಿಶಾಮಕ ವಾಹನದ ಚಾಲಕ ರಂಗಸ್ವಾಮಿಯೂ ಅವರ ಶಿಷ್ಯನೇ.

ಸ್ಟೀರಿಂಗ್ ಗಾಯತ್ರಿಯವರ ಎದೆಗೆ ಒತ್ತಿತ್ತು. "ಉಸಿರು ಕಟ್ತೈತೆ ಸಾರ್, ನನ್ ಕೈಲಾಗಕಿಲ್ಲ!" ಎಂದು ಕಿರುಚುತ್ತಿದ್ದರು.

"ನನ್ನ ಕಡೆ ನೋಡಿ ಮೇಡಂ. ನಾನು ಎಳೆದಾಗ ನೀವೂ ಉಸಿರು ಎಳೀರಿ," ಎನ್ನುತ್ತಿದ್ದರು ಧರಣೇಂದ್ರ. ಅವರ ಮಂಡಿಯ ಕೆಳಗೆ ಎರಡೂ ಕಾಲು ಡ್ಯಾಶ್‌ಬೋರ್ಡಿನಡಿ ಮುಚ್ಚಿಹೋಗಿದ್ದವು.

ಕಿಡಿ ಹಾರದಂತೆ ಕಾರಿನ ಬ್ಯಾಟರಿ ಕಳಚಿ, ಹೈಡ್ರಾಲಿಕ್ ಸ್ಪ್ರೆಡರ್ ತಂದೆವು. ಬಾಗಿದ ಲೋಹವನ್ನು ಅಗಲಿಸುವ ಯಂತ್ರ ಅದು. ನಮ್ಮಲ್ಲಿ ಇದ್ದದ್ದು ಒಂದೇ.

"ಮೊದಲು ಅವರನ್ನ ತೆಗೀರಿ," ಎಂದರು ಧರಣೇಂದ್ರ.

"ನಿಮಗೆ ಹೇಗಿದೆ?"

"ನಡೀರಿ ಸಾರ್, ಕೆಲಸ ನೋಡಿ."

ಮುಖದಲ್ಲಿ ನೋವಿನ ಸುಳಿವಿರಲಿಲ್ಲ. ನಾನು ಎರಡನೇ ಸಲ ಕೇಳಲಿಲ್ಲ. ಸ್ಪ್ರೆಡರ್ ಬಲಗಡೆ ಲೋಹವನ್ನು ತಳ್ಳಿದಂತೆಲ್ಲ ಎಡಗಡೆಯದು ತಿರುಚಿಕೊಂಡು ಧರಣೇಂದ್ರರ ಕಾಲಿಗೇ ಒತ್ತುತ್ತಿತ್ತು. ಅದು ಆಗ ನನಗೆ ಕಾಣಲಿಲ್ಲ. ಇಪ್ಪತ್ತು ನಿಮಿಷದಲ್ಲಿ ಗಾಯತ್ರಿ ಹೊರಬಂದರು. ಧರಣೇಂದ್ರರನ್ನು ಬಿಡಿಸಲು ಇನ್ನೂ ಮುಕ್ಕಾಲು ಗಂಟೆ ಹಿಡಿಯಿತು. ಅಷ್ಟು ಹೊತ್ತೂ ರಂಗಸ್ವಾಮಿ ಅವರ ಕೈ ಹಿಡಿದೇ ನಿಂತಿದ್ದ.

ಮರುದಿನ ಆಸ್ಪತ್ರೆಯಲ್ಲಿ ಅವರ ಎಡಗಾಲನ್ನು ಮಂಡಿಯ ಕೆಳಗೆ ತೆಗೆದರು. ವಾರದ ಮೇಲೆ ನೋಡಲು ಹೋದೆ.

"ಕಾಲು ಒತ್ತುತ್ತಿದೆ ಅಂತ ಒಂದು ಮಾತು ಹೇಳಬಾರದಿತ್ತೇ?" ಎಂದೆ.

"ಹೇಳಿದ್ರೆ ನೀವು ಕೈ ನಿಲ್ಲಿಸ್ತಿದ್ರಿ ಸಾರ್. ಆಕೆಗೆ ಅಷ್ಟು ಟೈಮಿರಲಿಲ್ಲ," ಎಂದರು.

ಎಂಟು ತಿಂಗಳ ಬಳಿಕ ಕೃತಕ ಕಾಲು ಹಾಕಿಕೊಂಡು ಅವರು ಮತ್ತೆ ಕಲಿಸಲು ಕುಳಿತರು. ಮೊದಲ ದಿನ ಸ್ಟೀರಿಂಗ್ ಹಿಡಿದವರು ಗಾಯತ್ರಿಯೇ.

ಧರಣೇಂದ್ರರ ನಿರ್ಧಾರ ಸರಿಯೇ ಇರಬಹುದು. ಆದರೆ ಅದನ್ನು ತಿಳಿದು ಒಪ್ಪುವ ಹೊಣೆ ನನ್ನದಿತ್ತು. ಅವರ ಶಾಂತತೆಯನ್ನೇ ಕ್ಷೇಮವೆಂದು ಎಣಿಸಿ ತಪ್ಪು ಮಾಡಿದೆ. ನಿವೃತ್ತಿಯಾಗುವವರೆಗೂ ಹೊಸಬರಿಗೆ ಇದನ್ನೇ ಕಲಿಸಿದೆ: ಕೂಗುವವರು ತಾವೇ ಹೇಳುತ್ತಾರೆ. ಸುಮ್ಮನಿರುವವರ ಬಳಿ ಬಗ್ಗಿ, ಕೈಯಿಂದ ಮುಟ್ಟಿ ನೋಡಿ, ಮತ್ತೊಮ್ಮೆ ಕೇಳಿ.