ಮಾಸ್ತರ್ ಬೀಸಿದ, ಮಗಳು ತಡದ್ಲು

ಕಡೀಕ ನಾನೂ ಕೇಳೇಬಿಟ್ಟೆ ದೋಸ್ತರ, "ಹಂಗಾದ್ರ ನೀವು ಕಲಿಸಿದ್ದರ ಏನ್ರಿ ಸರ್?"

ಇವತ್ತ ಸಂಜಿಕ, ಗವರ್ನರ್‌ಪೇಟೆ ಕರಾಟೆ ಕ್ಲಾಸಿನಾಗ. ನನ್ನ ಮಗಳು ಸುಮಾ ಲೈನಿನಾಗ ನಿಂತು ನಕ್ಕಳಂತ. ಮಾಸ್ತರ್ ಆಕಿ ಕೆನ್ನಿಗೆ ಹೊಡ್ಯಾಕ ಕೈ ಬೀಸ್ಯಾನ. ಈಕಿ ಮುಂಗೈ ಎತ್ತಿ ತಡದಾಳ. ಹಂಗ ತಡಿಯೋದು ಅವನ ಕಲಿಸಿದ್ದು. ಹುಡುಗೂರೆಲ್ಲಾ ಚಪ್ಪಾಳಿ ಹೊಡದಾರ.

ಅದಕ್ಕ ಆ ತೆಲುಗು ಮಾಸ್ತರ್ ನನ್ನ ಕರಿಸಿ, "ಏಮಂಡಿ, ಗುರುವಿಗೇ ಕೈ ಎತ್ತತಾಳ. ಎಲ್ಲಾರ ಮುಂದ ನನ್ನ ಕಾಲು ಹಿಡೀಲಿ. ಇಲ್ಲಾಂದ್ರ ನಾಳಿಂದ ಬರೋದು ಬ್ಯಾಡ" ಅಂದ.

ಮಗಳು ನನ್ನ ಮಾರಿ ನೋಡಿದ್ಲು. "ಅಪ್ಪಾ, ನಾ ಹೊಡದಿಲ್ಲ. ತಡದೆ ಅಷ್ಟ." ಕಣ್ಣಾಗ ನೀರು.

ಮೈಯೆಲ್ಲಾ ಉರೀತು ನೋಡ್ರಿ. "ಸುಮ್ಮನ ನಿಂತು ಹೊಡಸ್ಕೊಳ್ಳೋದನ್ನ ಸಾಲ್ಯಾಗ ಪುಕ್ಕಟೆ ಕಲಿಸ್ತಾರ ಸರ್. ಅದಕ್ಕ ನಾ ಬಿಳಿ ಅಂಗಿ ಯಾಕ ಹೊಲಿಸ್ಲಿ?" ಅಂದೆ. ಕಾಲು ಹಿಡಸಲಿಲ್ಲ. ಆಕಿ ಕೈ ಹಿಡಕೊಂಡು ಮನಿಗೆ ಬಂದೆ.

ಈಗ ಮಗಳು ನನ್ನ ಊಟಕ್ಕ ಕರ್ಯಾಕ ಹತ್ಯಾಳ. ಆ ಬಿಳಿ ಅಂಗಿ ಇನ್ನೂ ಬಿಚ್ಚಿಲ್ಲ. ಸಾರು ಬಿದ್ದು ಕಲೆ ಆದ್ರೂ ಆಗ್ಲಿ, ಇವತ್ತ ನಾ ಏನೂ ಅನ್ನಾಂವಲ್ಲ. ಅಂದ್ರೂ ತಡೀತಾಳ.